ಕಛೇರಿ ಬದಲಾದರೂ ಕರೆ ನಿಲ್ಲದಿರಲಿ

ಸಂಘದ ಕಛೇರಿ ಹೊಸ ಕಟ್ಟಡಕ್ಕೆ ಹೊರಟಾಗ ಕಪಾಟು, ಕುರ್ಚಿ, ತಕ್ಕಡಿಗಳ ಪಟ್ಟಿ ಮೊದಲು ತಯಾರಾಗುತ್ತದೆ. ದೂರವಾಣಿಯ ನೆನಪು ಕೊನೆಗೆ ಬರುತ್ತದೆ. ಈ ಕ್ರಮ ತಿರುಗುಮುರುಗಾಗಬೇಕೆಂಬುದು ನಮ್ಮ ಅಭಿಪ್ರಾಯ. ಅಡಿಕೆ, ಕಾಫಿಯ ಧಾರಣೆ ಕೇಳಲು ಸದಸ್ಯರು ಮಾಡಿದ ಕರೆಗೆ ಉತ್ತರ ಸಿಗದಿದ್ದರೆ, ಅಂದಿನ ಮಾಲು ಮನೆಬಾಗಿಲಿಗೆ ಬಂದ ವ್ಯಾಪಾರಿಯ ಪಾಲು. ಅಂತರ್ಜಾಲ ನಿಂತರೆ 2018ರಿಂದ ಜಾರಿಯಲ್ಲಿರುವ ಇ-ವೇ ಬಿಲ್ಲಿಗೂ ಪರದಾಟ. ಲಾರಿ ಅಂಗಳದಲ್ಲೇ ಕಾಯಬೇಕು.

ಹೊಸ ಜಾಗದ ಸಂಪರ್ಕಕ್ಕೆ ತಿಂಗಳ ಮೊದಲೇ ಅರ್ಜಿ ಹಾಕಬೇಕು. ಹಳೆಯ ಸಂಖ್ಯೆ ಅಲ್ಲಿಯೂ ಉಳಿಯುವುದೆಂಬ ಮಾತನ್ನು ಬರಹದಲ್ಲಿ ಪಡೆಯಬೇಕು. ಅಲ್ಲಿ ಅಂತರ್ಜಾಲ ನಡೆದು, ಒಂದು ಬಿಲ್ಲು ತೆಗೆದು ನೋಡುವವರೆಗೆ ಇಲ್ಲಿಯದನ್ನು ಕಡಿಸಬಾರದು. ಸಂಖ್ಯೆ ವರ್ಗವಾಗುವ ದಿನ ಕರೆಗಳನ್ನು ಸಂಘದ ಮೊಬೈಲಿಗೆ ತಿರುಗಿಸಿಡಬೇಕು.

ಇನ್ನೊಂದು ಮಾತು. ತಾಮ್ರದ ತಂತಿಯ ಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಫೈಬರಿನ ಫೋನು ಕಛೇರಿಯ ಕರೆಂಟು ಹೋದೊಡನೆ ಮೂಕ. ಮಲೆನಾಡಿನ ಮಳೆಗಾಲಕ್ಕೆ ಯು.ಪಿ.ಎಸ್. ಇಲ್ಲದ ಸಂಪರ್ಕ ಅರ್ಧ ಸಂಪರ್ಕವೇ ಸರಿ.

ಒಂದು ತಿಂಗಳು ಎರಡು ಕಡೆ ಬಾಡಿಗೆ ದಂಡವೆನ್ನುವವರಿದ್ದಾರೆ. ಬೇರೆಡೆ ಮಾಲು ಕೊಟ್ಟು ರೂಢಿಯಾದ ಸದಸ್ಯರನ್ನು ಮರಳಿ ಕರೆತರುವುದು ಅದಕ್ಕಿಂತ ದುಬಾರಿಯೆಂದು ನಾವು ಅವರಿಗೆ ವಿನಯದಿಂದ ನೆನಪಿಸುತ್ತೇವೆ.