ಜರಡಿಯ ತೂತು ಕೊರೆದವರಾರು?

2008ರ ಚಳಿಗಾಲದಲ್ಲಿ ಮಗಳ ಬಾಣಂತನಕ್ಕೆಂದು ನಾನು ಪ್ರಾಗ್ ನಗರಕ್ಕೆ ಹೋದೆ. ಹೋಗುವಾಗ ಸೂಟ್‌ಕೇಸಿನ ತುಂಬ ಮೆಣಸು, ಓಮ, ಒಣಕೊಬ್ಬರಿ, ಅಂಟು. ಬರುವಾಗ ಅದೇ ಸೂಟ್‌ಕೇಸಿನಲ್ಲಿ ಹದಿನಾಲ್ಕು ಸಿ.ಡಿ.ಗಳು. “ಅಮ್ಮಾ, ನಿನಗೇನಾಗಿದೆ?” ಎಂದು ಮಗಳು ನಕ್ಕಳು. ಏನಾಗಿದೆಯೆಂದು ಆಗ ಹೇಳಲು ಬರಲಿಲ್ಲ. ಈಗ ಹೇಳುತ್ತೇನೆ. ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಬಾಣಂತಿ ಇರುವ ಮನೆಯಲ್ಲಿ ಮಧ್ಯಾಹ್ನ ಬಹಳ ಉದ್ದ. ಕೂಸಿಗೆ ಎಣ್ಣೆ ನೀರು ಮುಗಿದು, ತಾಯಿ ಮಗು ಇಬ್ಬರೂ ಮಲಗಿದ ಮೇಲೆ ಕಿಟಕಿಯಾಚೆಯ ಹಿಮ ನೋಡುತ್ತ ಎಷ್ಟು ಹೊತ್ತು ಕೂರುವುದು? ಟ್ರಾಮ್ ನಿಲ್ಲುವ ಮೂಲೆಯಲ್ಲಿ ಸಂಗೀತದ ಒಂದು ಸಣ್ಣ ಅಂಗಡಿಯಿತ್ತು. ಹೊತ್ತು ಕಳೆಯಲು ಒಳಗೆ ಹೋದೆ. ಆ ಕಡೆಯ ಶಾಸ್ತ್ರೀಯ ಸಂಗೀತದಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಹೆಸರು. “ಮೊಜಾರ್ಟ್ ಇದೆಯೇ?” ಎಂದೆ. ಅಂಗಡಿಯಾಕೆ ಹೆಚ್ಚುಕಡಿಮೆ ನನ್ನದೇ ವಯಸ್ಸಿನವರು. ಇಬ್ಬರದೂ ಹರಕು ಇಂಗ್ಲಿಷು. “ಅವನು ಎಲ್ಲ ಕಡೆ ಸಿಗುತ್ತಾನೆ. ನಮ್ಮವರನ್ನು ಕೇಳಿದ್ದೀರಾ?” ಎಂದರು.

ಅವರು ‘ನಮ್ಮವರು’ ಎಂದದ್ದು ಸುಮಾರು 1750ರಿಂದ 1820ರವರೆಗಿನ ಕಾಲದ ಚೆಕ್ ಸಂಗೀತಗಾರರನ್ನು. ಯುರೋಪಿನವರು ಅದನ್ನು ಕ್ಲಾಸಿಕಲ್ ಯುಗ ಎನ್ನುತ್ತಾರೆ. ಹೈಡನ್, ಮೊಜಾರ್ಟ್, ಬೀಥೋವನ್ ಎಂಬ ಮೂವರ ಹೆಸರಿನಲ್ಲಿ ಅದಕ್ಕೆ ಪಟ್ಟಾ ಬರೆದುಕೊಟ್ಟಂತಿದೆ. ಅದೇ ಕಾಲದಲ್ಲಿ ಪ್ರಾಗಿನ ಹಿಟ್ಟಿನ ಗಿರಣಿಯವನ ಮಗ ಯೋಸೆಫ್ ಮಿಸ್ಲಿವೆಚೆಕ್ ಗಿರಣಿಯನ್ನು ಅವಳಿ ಸಹೋದರನಿಗೆ ಬಿಟ್ಟು 1763ರಲ್ಲಿ ಇಟಲಿಗೆ ಹೋದ. ನಾಲ್ಕೇ ವರ್ಷದಲ್ಲಿ, 1767ರಲ್ಲಿ, ನೇಪಲ್ಸಿನ ದೊಡ್ಡ ರಂಗಮಂದಿರದಲ್ಲಿ ಅವನ ಸಂಗೀತನಾಟಕ ಗೆದ್ದಿತು. ಜಮೀನುದಾರರಿಗೆ ಸೇರಿದ ಜೀತದ ಮನೆತನದಲ್ಲಿ 1739ರಲ್ಲಿ ಹುಟ್ಟಿದ ಯಾನ್ ವಾನ್ಹಾಲ್ ಸಂಗೀತದಿಂದ ದುಡಿದ ಹಣದಲ್ಲಿ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡ. ಬರೆದ ಸಿಂಫನಿಗಳು ಎಪ್ಪತ್ತಕ್ಕೂ ಹೆಚ್ಚು. ಲಿಯೋಪೋಲ್ಡ್ ಕೊಜೆಲುಹ್, ಯಿರ್ಜಿ ಬೆಂಡಾ, ಪಾವೆಲ್ ವ್ರಾನಿಟ್ಸ್ಕಿ, ಯಾನ್ ಡುಸೀಕ್... ಹೆಸರು ಹೇಳುತ್ತ ಅಂಗಡಿಯಾಕೆ ಒಂದೊಂದೇ ಸಿ.ಡಿ. ಮೇಜಿನ ಮೇಲಿಟ್ಟರು, ತವರಿನ ಅಣ್ಣತಮ್ಮಂದಿರ ಫೋಟೋ ತೋರಿಸುವ ಹಾಗೆ.

ಮೊದಲ ತಪ್ಪು ನನ್ನದೇ. ಮಿಸ್ಲಿವೆಚೆಕ್‌ನನ್ನು ಕೇಳಿ, “ಅಯ್ಯೋ, ಮೊಜಾರ್ಟನ ಹಾಗೇ ಇದೆಯಲ್ಲ!” ಎಂದು ಮಗಳ ಹತ್ತಿರ ಹೇಳಿದೆ. ಹೊಗಳಿದೆ ಎಂದೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಮಿಸ್ಲಿವೆಚೆಕ್ ಹುಟ್ಟಿದ್ದು 1737ರಲ್ಲಿ, ಮೊಜಾರ್ಟನಿಗಿಂತ ಹತ್ತೊಂಬತ್ತು ವರ್ಷ ಮೊದಲು. ತಂದೆಯನ್ನು ನೋಡಿ “ಮಗನ ಹಾಗೇ ಇದ್ದಾನೆ” ಎಂದಂತಾಯಿತು!

ನನ್ನದು ಅಜ್ಞಾನ. ಆದರೆ ಸಿ.ಡಿ. ಮಾಡಿ ಮಾರುವವರಿಗೇನಾಗಿದೆ? ಇಂಗ್ಲೆಂಡಿನ ಒಂದು ಕಂಪನಿ 1990ರ ದಶಕದಲ್ಲಿ ಇವರಲ್ಲಿ ಅನೇಕರ ಸಿಂಫನಿಗಳನ್ನು ಬಹಳ ಚೆನ್ನಾಗಿ ನುಡಿಸಿ ಹೊರತಂದಿತು. ಮಾಲಿಕೆಗೆ ಇಟ್ಟ ಹೆಸರು ‘ಮೊಜಾರ್ಟನ ಸಮಕಾಲೀನರು’. ವರ್ಷಗಟ್ಟಲೆ ಕೂತು ಬರೆದವನು ಒಬ್ಬ, ರಟ್ಟಿನ ಮೇಲೆ ಮೆರೆಯುವವನು ಇನ್ನೊಬ್ಬ. ನಾನು ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು. ನಮ್ಮ ಬೀದಿಯಲ್ಲಿ ನನ್ನ ಹೆಸರೇನು ಗೊತ್ತೇ? ‘ಓವರ್‌ಸೀಯರ್ ಹೆಂಡತಿ’. ಯಜಮಾನರು ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ನಿವೃತ್ತವಾಗಿಲ್ಲ. ಓದುತ್ತಿರುವ ನಿಮಗೂ ಇಂಥದೊಂದು ಹೆಸರು ಇದ್ದೇ ಇರುತ್ತದೆ. ಆದ್ದರಿಂದ ಆ ರಟ್ಟು ನೋಡಿದಾಗ ನನ್ನ ಹೊಟ್ಟೆಯಲ್ಲಿ ಎದ್ದ ಸಂಕಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಭಾನುವಾರ ಅಳಿಯನ ಪರಿಚಯದವರೊಬ್ಬರು ಊಟಕ್ಕೆ ಬಂದಿದ್ದರು. ಪಾಶ್ಚಾತ್ಯ ಸಂಗೀತ ಬಲ್ಲವರು. ನನ್ನ ಸಿ.ಡಿ.ಗಳನ್ನು ತಿರುವಿ ನೋಡಿ, “ಇವೆಲ್ಲ ಯಾಕೆ ತಗೊಂಡಿರಿ ಆಂಟಿ? ಕಾಲ ಅನ್ನೋದು ಒಂದು ಜರಡಿ. ಒಳ್ಳೇದು ಉಳಿಯುತ್ತೆ, ಉಳಿದದ್ದು ಉದುರಿಹೋಗುತ್ತೆ” ಎಂದರು. ಸಾರು ಬಡಿಸುತ್ತಿದ್ದ ನಾನು ಸುಮ್ಮನಿದ್ದೆ. ಊಟಕ್ಕೆ ಬಂದವರ ಜೊತೆ ವಾದ ಮಾಡಬಾರದೆಂದು ನಮ್ಮಮ್ಮ ಕಲಿಸಿದ್ದರು. ಆ ದಿನ ಬಾಯಿಗೆ ಬಂದದ್ದನ್ನು ಇಷ್ಟು ವರ್ಷದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಸ್ವಾಮಿ, ಜರಡಿಯ ವಿಷಯ ನಮಗೆ ಹೇಳಬೇಡಿ. ಅದನ್ನು ಹಿಡಿದು ಹಿಡಿದು ನಮ್ಮ ರಟ್ಟೆ ಸೋತಿದೆ. ರವೆ ಹಿಡಿಯುವ ಜರಡಿಯಲ್ಲಿ ಮೈದಾ ಹಾಕಿದರೆ ಮೈದಾ ಅಷ್ಟೂ ಕೆಳಗೆ ಬೀಳುತ್ತದೆ. ಹಾಗಂತ ಮೈದಾ ಕೆಟ್ಟದ್ದೇ? ಜರಡಿ ತನ್ನಷ್ಟಕ್ಕೆ ಆಡುವುದಿಲ್ಲ. ಅದಕ್ಕೆ ತೂತು ಕೊರೆದವರು ಒಬ್ಬರು, ಹಿಡಿದು ಆಡಿಸುವವರು ಇನ್ನೊಬ್ಬರು.

ಈ ಚೆಕ್ ಸಂಗೀತಗಾರರ ಪಾಲಿಗೆ ತೂತು ಕೊರೆದವರು ಯಾರು? ಅವರ ಬೊಹೀಮಿಯಾ ಆಗ ಹಾಬ್ಸ್‌ಬರ್ಗ್ ದೊರೆಗಳ ಕೈಯಲ್ಲಿತ್ತು. ದೊರೆ ಇದ್ದದ್ದು ವಿಯೆನ್ನಾದಲ್ಲಿ. ಆಸ್ಥಾನವಿಲ್ಲದ ಪ್ರಾಗಿನಲ್ಲಿ ಅನ್ನ ಹುಟ್ಟುವಂತಿರಲಿಲ್ಲ. ವಿಯೆನ್ನಾ, ಬರ್ಲಿನ್, ಮ್ಯಾನ್‌ಹೈಮ್, ಪ್ಯಾರಿಸ್, ಲಂಡನ್, ಇಟಲಿ, ಹೊಟ್ಟೆಪಾಡು ಕರೆದಲ್ಲಿಗೆ ಹೋದರು. ಹೋದ ಕಡೆಯೆಲ್ಲ ಹೆಸರು ಬದಲಾಯಿತು. ಸ್ಟಾಮಿಟ್ಸ್ ಎಂದು ಜರ್ಮನರು ಬರೆದುಕೊಂಡವನು ತನ್ನೂರಿನಲ್ಲಿ ಸ್ಟಾಮಿಟ್ಸ್‌ನೇ ಆದರೂ ಬರೆಯುವ ರೀತಿ ಬೇರೆ. ಡುಸೀಕ್ ಲಂಡನ್ನಿನಲ್ಲಿ ಡುಸೆಕ್ ಆದ. ಮಿಸ್ಲಿವೆಚೆಕ್ ಎಂದು ಹೇಳಲಾರದ ಇಟಲಿಯವರು ಅವನನ್ನು ‘ಬೊಹೀಮಿಯಾದವನು’ ಎಂದು ಕರೆದು ಕೈತೊಳೆದುಕೊಂಡರು. ಸಂಗೀತದ ಚರಿತ್ರೆ ಬರೆಯುವ ಕಾಲ ಬಂದಾಗ ದೊಡ್ಡ ದೊಡ್ಡ ದೇಶಗಳು ತಮ್ಮ ತಮ್ಮ ಮಕ್ಕಳನ್ನು ಲೆಕ್ಕ ಹಾಕಿಕೊಂಡವು. ಇವರು ಯಾರ ಲೆಕ್ಕಕ್ಕೂ ನೆಟ್ಟಗೆ ಬರಲಿಲ್ಲ. ತವರಿಗೂ ಇಲ್ಲ, ಗಂಡನ ಮನೆಗೂ ಇಲ್ಲ. ಈ ಪಾಡು ಯಾರದೆಂದು ನಾನು ಹೇಳಬೇಕೇ?

ಬದುಕಿದ್ದಾಗ ಇವರು ಚಿಕ್ಕವರೆನಿಸಿಕೊಂಡಿರಲಿಲ್ಲ. ಮೊಜಾರ್ಟ್ ಸತ್ತ ಮರುವರ್ಷ, 1792ರಲ್ಲಿ, ವಿಯೆನ್ನಾ ಆಸ್ಥಾನ ಅವನ ಕೆಲಸವನ್ನು ಕೊಜೆಲುಹನಿಗೆ ಕೊಟ್ಟಿತು, ಅದೂ ಹೆಚ್ಚಿನ ಸಂಬಳಕ್ಕೆ. ಹಾಡಿನ ಬದಲು ಮಾತಿಗೆ ವಾದ್ಯಮೇಳ ಜೋಡಿಸುವ ಎರಡು ನಾಟಕಗಳನ್ನು ಬೆಂಡಾ 1775ರಲ್ಲಿ ರಚಿಸಿದ. ಅವು ತನಗೆ ಎಷ್ಟು ಇಷ್ಟವೆಂದರೆ ಹೋದಲ್ಲೆಲ್ಲ ಜೊತೆಗೆ ಒಯ್ಯುತ್ತೇನೆಂದು 1778ರಲ್ಲಿ ತಂದೆಗೆ ಬರೆದವನು ಬೇರೆ ಯಾರೂ ಅಲ್ಲ, ಮೊಜಾರ್ಟ್. 1777ರಲ್ಲಿ ಮಿಸ್ಲಿವೆಚೆಕ್ ಮ್ಯೂನಿಕ್ಕಿನ ಆಸ್ಪತ್ರೆಯಲ್ಲಿ, ವೈದ್ಯನ ಸುಡುಚಿಕಿತ್ಸೆಯಿಂದ ಮೂಗು ಕಳೆದುಕೊಂಡು ಮಲಗಿದ್ದಾಗ ನೋಡಲು ಹೋದವನೂ ಅವನೇ. ಆ ವರ್ಷವೇ ತನ್ನ ಅಕ್ಕನಿಗೆ ಮಿಸ್ಲಿವೆಚೆಕ್‌ನ ಸೊನಾಟಾಗಳನ್ನು ಬಾಯಿಪಾಠ ಮಾಡಿ ನುಡಿಸಲು ಹೇಳಿ ಕಳಿಸಿದ. ಇನ್ನೊಂದು ಮಾತು ಕೇಳಿ. ‘ರಿದೆಂತೆ ಲಾ ಕಾಲ್ಮಾ’ ಎಂಬ ಹಾಡು ಮೊಜಾರ್ಟನದೆಂದು ಲೋಕಪ್ರಸಿದ್ಧ. ಅದು ಮಿಸ್ಲಿವೆಚೆಕ್‌ನ ಸಂಗೀತನಾಟಕದ ಹಾಡು; ಮೊಜಾರ್ಟ್ ಅದನ್ನು ಪಿಯಾನೋಗೆ ಹೊಂದಿಸಿಕೊಂಡ, ಅಷ್ಟೆ. ಕಾಲವೆಂಬ ಜರಡಿಗೆ ಅದು ಮಿಸ್ಲಿವೆಚೆಕ್ ಹೆಸರಿನಲ್ಲಿದ್ದಾಗ ಹೊಟ್ಟು, ಮೊಜಾರ್ಟ್ ಹೆಸರಿನಲ್ಲಿದ್ದಾಗ ಗಟ್ಟಿ ಕಾಳು! ಇದಕ್ಕೇನನ್ನುತ್ತೀರಿ?

ಧ್ವನಿಮುದ್ರಣಗಳಿಗೆ ನಾನು ಋಣಿ. ಕಾಗದದ ಮೇಲಿನ ಸಂಗೀತವನ್ನು ನನ್ನಂಥವಳು ಓದಲಾರಳು. ಯಾರಾದರೂ ನುಡಿಸಿದರೆ ಮಾತ್ರ ಅದು ನನ್ನ ಪಾಲಿಗೆ ಇದೆ. ಎರಡನೇ ಮಹಾಯುದ್ಧದ ನಂತರ ಪ್ರಾಗಿನ ಸುಪ್ರಫೋನ್ ಕಂಪನಿ ದಶಕಗಟ್ಟಲೆ ಇವರನ್ನು ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಸಿತು. ಆಮೇಲೆ ನಾಕ್ಸೋಸ್‌ನಂಥ ಕಂಪನಿಗಳು ಕಡಿಮೆ ಬೆಲೆಗೆ ವಾನ್ಹಾಲ್, ಕೊಜೆಲುಹ್, ವ್ರಾನಿಟ್ಸ್ಕಿಯರನ್ನು ತಂದವು. 2019ರಲ್ಲಿ ಕ್ಲೇರ್ ಹ್ಯಾಮಂಡ್ ಎಂಬ ಇಂಗ್ಲಿಷ್ ಪಿಯಾನೋ ವಾದಕಿಯ ಮಿಸ್ಲಿವೆಚೆಕ್ ಸಿ.ಡಿ. ಬಂತು. 2022ರಲ್ಲಿ ಪೀಟರ್ ವಾತ್ಸ್ಲಾವ್ ಎಂಬ ಚೆಕ್ ನಿರ್ದೇಶಕ ಅವನ ಬದುಕಿನ ಮೇಲೆ ಸಿನಿಮಾವನ್ನೇ ಮಾಡಿದ. ಹೊಟ್ಟೆಯೊಳಗೆ ತಣ್ಣಗಾಯಿತು.

ಆದರೆ ಈ ನ್ಯಾಯದ ಒಳಗೂ ಒಂದು ಅನ್ಯಾಯ ಅಡಗಿ ಕೂತಿದೆ. ಅಂಗಡಿಯಾಕೆ ಕೊಟ್ಟ ಹದಿನಾಲ್ಕರಲ್ಲಿ ನನಗೆ ಅತಿ ಪ್ರಿಯವಾದದ್ದು ಹಾರ್ಪ್ ಎಂಬ ಎತ್ತರದ ತಂತಿವಾದ್ಯದ ಸಂಗೀತ. ಅದರಲ್ಲಿ ಸಿ ಮೈನರ್ ಶ್ರುತಿಯ ಒಂದು ಸೊನಾಟಾ ಇದೆ. ಮಗು ರಚ್ಚೆ ಹಿಡಿದಾಗ ಅದನ್ನೇ ಹಾಕುತ್ತಿದ್ದೆ. ರಟ್ಟಿನ ಮೇಲೆ ಬರೆದದ್ದು ‘ಡುಸೆಕ್’. ಊರಿಗೆ ಬಂದು ಎಷ್ಟೋ ವರ್ಷದ ಮೇಲೆ ಮಗಳು ಒಂದು ಲೇಖನ ಓದಿ ಫೋನ್ ಮಾಡಿದಳು: “ಅಮ್ಮಾ, ನಿನ್ನ ಹಾರ್ಪ್ ಸೊನಾಟಾ ಗಂಡ ಬರೆದದ್ದಲ್ಲವಂತೆ. ಹೆಂಡತಿ ಬರೆದದ್ದಂತೆ!”

ಹೆಂಡತಿ ಸೋಫಿಯಾ ಕೊರ್ರಿ. 1775ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದವಳು, ಇಟಲಿಯ ಮನೆತನ. ಹಾಡುಗಾರ್ತಿ, ಪಿಯಾನೋ, ಹಾರ್ಪ್ ಎರಡೂ ನುಡಿಸುತ್ತಿದ್ದಳು. 1792ರಲ್ಲಿ ಡುಸೀಕ್‌ನನ್ನು ಮದುವೆಯಾದಳು. ಆತ ಮಾವನ ಜೊತೆ ಲಂಡನ್ನಿನಲ್ಲಿ ಸಂಗೀತ ಪುಸ್ತಕಗಳ ವ್ಯಾಪಾರ ಹೂಡಿ, ಆ ಶತಮಾನ ಮುಗಿಯುವ ಹೊತ್ತಿಗೆ ವ್ಯಾಪಾರ ಮುಳುಗಿದಾಗ, ಹೆಂಡತಿಯನ್ನೂ ಸಾಲವನ್ನೂ ಮಾವನ ತಲೆಗೆ ಕಟ್ಟಿ ಹ್ಯಾಂಬರ್ಗಿಗೆ ಪರಾರಿಯಾದ. ಓಡಿಹೋದ ಗಂಡನ ಹೆಸರಿನಲ್ಲೇ ಅವಳ ಸೊನಾಟಾ ನೂರಾರು ವರ್ಷ ಮೆರೆಯಿತು. ಅವಳು ಚೆಕ್ ಹೆಣ್ಣಲ್ಲ, ನಿಜ. ಆದರೆ ಮರೆತುಹೋದ ಚೆಕ್ ಗಂಡಸನ್ನು ಎತ್ತಿ ನಿಲ್ಲಿಸಲು ಹೊರಟ ತಟ್ಟೆಗಳೇ ಅವಳನ್ನು ಮತ್ತಷ್ಟು ಕೆಳಗೆ ಒತ್ತಿದವು.

ಡುಸೀಕ್‌ಗೆ ತಂಗಿಯೊಬ್ಬಳಿದ್ದಳು, ವೆರೋನಿಕಾ, ಚಾಸ್ಲಾವ್ ಪಟ್ಟಣದಲ್ಲಿ 1769ರಲ್ಲಿ ಹುಟ್ಟಿದವಳು. ತಂದೆ ಅಲ್ಲಿನ ಚರ್ಚಿನ ಆರ್ಗನ್ ವಾದಕ. 1772ರಲ್ಲಿ ಚಾರ್ಲ್ಸ್ ಬರ್ನಿ ಎಂಬ ಇಂಗ್ಲಿಷ್ ಪ್ರವಾಸಿ ಆ ಪಟ್ಟಣದ ಶಾಲೆಗೆ ಹೊಕ್ಕು ನೋಡಿದ: ಆರರಿಂದ ಹತ್ತು ಹನ್ನೊಂದು ವರ್ಷದ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಂದೇ ಕೋಣೆಯಲ್ಲಿ ಓದುತ್ತ, ಬರೆಯುತ್ತ, ಪಿಟೀಲು ನುಡಿಸುತ್ತ ಕೂತಿದ್ದರು. ಬೊಹೀಮಿಯಾದ ಹಳ್ಳಿಹಳ್ಳಿಯಲ್ಲೂ ಹೀಗೇ ಎಂದು ಮರುವರ್ಷ ಅಚ್ಚಾದ ಪುಸ್ತಕದಲ್ಲಿ ಬೆರಗಿನಿಂದ ಬರೆದ. ಶಾಲೆ ಜರಡಿ ಹಿಡಿಯಲಿಲ್ಲ, ಎಲ್ಲರಿಗೂ ಕಲಿಸಿತು. ಜರಡಿ ಹಿಡಿದದ್ದು ಆಮೇಲೆ. ವೆರೋನಿಕಾ ಲಂಡನ್ನಿಗೆ ಹೋಗಿ ಪಿಯಾನೋ ಪಾಠ ಹೇಳಿದಳು, ಪಿಯಾನೋ ಕೃತಿಗಳನ್ನು ಬರೆದಳು. ಕೊಜೆಲುಹನ ಮಗಳು ಕ್ಯಾಥರೀನಾಳೂ ಬರೆದಳು. ಇವರಿಬ್ಬರ ಸಿ.ಡಿ. ನಾನು ಹೊಕ್ಕ ಯಾವ ಅಂಗಡಿಯಲ್ಲೂ ಕಾಣಲಿಲ್ಲ.

ಹಾಗಾದರೆ ಇವರೆಲ್ಲ ಮೊಜಾರ್ಟನಿಗೆ ಸಮವೇ ಎಂದು ಕೇಳುತ್ತೀರಿ. ನಾನು ಹಾಗೆ ಹೇಳಲಿಲ್ಲ. ಕೊಜೆಲುಹನ ಕೆಲವು ಸೊನಾಟಾ ಕೇಳುತ್ತ ತೂಕಡಿಸಿದ್ದೇನೆ. ವಾನ್ಹಾಲ್ ಹಣಕ್ಕಾಗಿ ಬರೆದದ್ದೂ ಉಂಟು, ಕೇಳಿದರೆ ಗೊತ್ತಾಗುತ್ತದೆ. ಆದರೆ ತೂಕಡಿಸುವ ಹಕ್ಕೂ ಕೇಳಿದವರಿಗೆ ಮಾತ್ರ. ಕೇಳದೆಯೇ “ಎರಡನೇ ದರ್ಜೆ” ಎನ್ನುವುದು ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಹುಡುಗಿಯನ್ನು ಒಂದು ಮಾತೂ ಆಡಿಸದೆ, ಸುಮಾರಾಗಿದ್ದಾಳೆ ಎಂದು ಹೊರಟಂತೆ. ವಾನ್ಹಾಲ್‌ನ ಕತ್ತಲು ತುಂಬಿದ ಸಿಂಫನಿಗಳಿವೆ. ಅವುಗಳಲ್ಲಿ ಒಂದನ್ನು ಮೂರು ಸಲ ಕೇಳಿ, ಯಾರ ಹಾಗಿದೆ ಎಂದು ಯೋಚಿಸದೆ. ಮೂರನೇ ಸಲ ಅದು ಯಾರ ಹಾಗೂ ಇರುವುದಿಲ್ಲ.

ಕೇಳುವ ಮನಸ್ಸಾದರೆ ಹೆಸರು ಹಿಡಿದು ಕೇಳಿ. ಈಗ ಅಂಗಡಿಗೆ ಹೋಗಬೇಕಾಗಿಲ್ಲ, ಮೊಮ್ಮಗುವಿನ ಫೋನಿನಲ್ಲೇ ಸಿಗುತ್ತದೆ. “ಮೊಜಾರ್ಟನ ಗೆಳೆಯನದು ಹಾಕು” ಎನ್ನಬೇಡಿ. “ಮಿಸ್ಲಿವೆಚೆಕ್” ಎನ್ನಿ. ನಾಲಿಗೆ ತೊಡರುತ್ತದೆ, ತೊಡರಲಿ. ತೊಡರುವ ಹೆಸರುಗಳನ್ನು ಸವೆಸಿ ಸವೆಸಿಯೇ ಇಷ್ಟು ಜನರನ್ನು ಕಳೆದುಕೊಂಡದ್ದು.

ಮಗಳು ಫೋನ್ ಮಾಡಿದ ದಿನ ನಾನು ಆ ಹಾರ್ಪ್ ಸಿ.ಡಿ. ತೆಗೆದು, ರಟ್ಟಿನ ಮೇಲಿನ ‘ಡುಸೆಕ್’ ಎಂಬುದರ ಪಕ್ಕದಲ್ಲಿ ‘ಸೋಫಿಯಾ ಕೊರ್ರಿ’ ಎಂದು ನೀಲಿ ಶಾಯಿಯಲ್ಲಿ ಕನ್ನಡದಲ್ಲೇ ಬರೆದೆ. “ಹಾಳು ಮಾಡಿದೆಯಲ್ಲೇ, ಒಳ್ಳೆ ಸಿ.ಡಿ.ಯನ್ನ” ಎಂದರು ಯಜಮಾನರು. ಹಾಳು ಮಾಡಿದ್ದು ನಾನಲ್ಲ ಎಂದೆ. ಆಮೇಲೆ ಇಬ್ಬರೂ ಕೂತು ಕೇಳಿದೆವು.