ಅಂಜುವ ಜೀವಕ್ಕೆ ಆಸರೆ

ಮೀನಿನ ಗಾಜಿನ ತೊಟ್ಟಿಯನ್ನು ಮನೆಗೆ ತರುವುದು ಈಗ ನಮ್ಮ ಮೈಸೂರಿನ ಬಡಾವಣೆಗಳಲ್ಲಿ ಸಾಮಾನ್ಯ ಸಂಗತಿ. ತೊಟ್ಟಿಯನ್ನು ತರುವಾಗಿನ ಉತ್ಸಾಹವು ಅದರೊಳಗಿನ ಜೀವವನ್ನು ಅರಿಯುವುದರಲ್ಲಿಯೂ ನಮಗೆ ಇದೆಯೇ? ಈ ಪ್ರಶ್ನೆಯನ್ನು ನಾನು ಮೊದಲು ಕೇಳಬೇಕಾದುದು ನನ್ನನ್ನೇ.

ಕಳೆದ ದಸರಾ ರಜೆಯಲ್ಲಿ ಮೊಮ್ಮಗನ ಹಠಕ್ಕೆ ಮಣಿದು ಆರು ನಿಯಾನ್ ಟೆಟ್ರಾ ಮೀನುಗಳನ್ನು ತಂದೆವು. ಹೊಳೆಯುವ ನೀಲಿ ಗೆರೆ, ಬಾಲದತ್ತ ಕೆಂಪು ಬಣ್ಣ, ಹೆಚ್ಚೆಂದರೆ 3-4 ಸೆಂಟಿಮೀಟರ್ ಉದ್ದ. ಆಗಷ್ಟೇ ಹಿಡಿದ ನಲ್ಲಿ ನೀರಿಗೆ ಅವನ್ನು ನೇರವಾಗಿ ಸುರಿದು, ದೀಪ ಹೊತ್ತಿಸಿ, ನೆರೆಮನೆಯ ಮಕ್ಕಳನ್ನೆಲ್ಲ ಕರೆದು ತೋರಿಸಿದೆವು. ಬೆಳಗಾಗುವಷ್ಟರಲ್ಲಿ ಮೂರು ಸತ್ತು ತೇಲುತ್ತಿದ್ದವು. ಉಳಿದ ಮೂರು ಬಣ್ಣಗುಂದಿ ಮೂಲೆ ಸೇರಿದ್ದವು. “ತಾತ, ಅವಕ್ಕೆ ನಮ್ಮ ಮನೆ ಹಿಡಿಸಲಿಲ್ಲವಾ?” ಎಂದು ಮಗು ಕೇಳಿತು. ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪು ಮೀನಿನದಲ್ಲ, ನಮ್ಮ ಆತುರದ್ದು.

ಅನಂತರ ಬಲ್ಲವರಿಂದ ಕೇಳಿ ತಿಳಿದುದನ್ನು ಓದುಗ ಬಂಧುಗಳಲ್ಲಿ ನಿವೇದಿಸುತ್ತೇನೆ. ನಮ್ಮ ನಲ್ಲಿಗಳಿಗೆ ಬರುವ ಕಾವೇರಿ, ಕಬಿನಿಗಳ ನೀರಿಗೆ ರೋಗಾಣುಗಳ ನಾಶಕ್ಕಾಗಿ ಕ್ಲೋರಿನ್ ಬೆರೆಸಿರುತ್ತಾರೆ. ನಮ್ಮನ್ನು ಕಾಯುವ ಅದೇ ವಸ್ತು ಮೀನಿನ ಕಿವಿರುಗಳಿಗೆ ಘಾತುಕ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ನೀರನ್ನು ತೆರೆದಿಟ್ಟರೆ ಕ್ಲೋರಿನ್ ಆರಿಹೋಗುತ್ತದೆ. ಇನ್ನೊಂದು ವಿಷ ಅಮೋನಿಯ. ಅದು ಮೀನಿನ ದೇಹದಿಂದಲೇ ಹೊರಬರುತ್ತದೆ. ಅದನ್ನು ನೈಟ್ರೈಟ್ ಆಗಿಯೂ, ಬಳಿಕ ಅಷ್ಟು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಫಿಲ್ಟರಿನಲ್ಲಿ ನೆಲೆಯೂರಲು ಸುಮಾರು 4ರಿಂದ 6 ವಾರಗಳು ಬೇಕು. ಆವರೆಗೆ ಮೀನಿಲ್ಲದೆಯೇ ಫಿಲ್ಟರನ್ನು ನಡೆಸುತ್ತ, ಚಿಟಿಕೆ ಮೀನಾಹಾರವನ್ನು ನೀರಿಗೆ ಹಾಕುತ್ತಿರಬೇಕು. ಮನೆ ಸಿದ್ಧವಾದ ಮೇಲೆ ಅತಿಥಿಯನ್ನು ಕರೆಯುವುದು ಲೇಸಲ್ಲವೇ?

ಮೀನನ್ನು ತಂದ ದಿನ ಚೀಲವನ್ನು ಬಿಚ್ಚದೆ ತೊಟ್ಟಿಯ ನೀರಿನ ಮೇಲೆ ಹದಿನೈದು ನಿಮಿಷ ತೇಲಿಬಿಡಬೇಕು. ಒಳಹೊರಗಿನ ಬಿಸಿ ಸಮವಾಗುತ್ತದೆ. ಬಳಿಕ ತೊಟ್ಟಿಯ ನೀರನ್ನು ಐದೈದು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಸೇರಿಸುತ್ತ ಅರ್ಧ ಗಂಟೆ ಕಾದು, ಮೀನನ್ನು ಮಾತ್ರ ಬಲೆಯಿಂದೆತ್ತಿ ಒಳಬಿಡಬೇಕು. ಅಂದು ದೀಪವೂ ಬೇಡ, ಆಹಾರವೂ ಬೇಡ.

ಈ ಮೀನಿನ ಮೂಲ ನೆಲೆ ಅಮೆಜಾನ್ ಸೀಮೆಯ, ಮರಗಳ ನೆರಳು ಕವಿದ ತೊರೆಗಳು. ಅದಕ್ಕೆ ರೆಪ್ಪೆಯಿಲ್ಲ, ಪ್ರಖರ ಬೆಳಕಿಗೆ ಕಣ್ಣು ಮುಚ್ಚಿಕೊಳ್ಳಲಾರದು. ನೀರಿನ ಅಲುಗಾಟವನ್ನು ಅದರ ಮೈಯೇ ಗ್ರಹಿಸುತ್ತದೆ. ಗಾಜನ್ನು ಬೆರಳಿನಿಂದ ಕುಟ್ಟಿದರೆ ಅದು ಬೆಚ್ಚಿಬೀಳುತ್ತದೆ. ಆದ್ದರಿಂದ ಹಿಂಬದಿಗೆ ಕಪ್ಪು ಕಾಗದ ಅಂಟಿಸಿ, ಒಳಗೆ ನೀರುಗಿಡಗಳನ್ನೂ ಚೆನ್ನಾಗಿ ತೊಳೆದು ಕುದಿಸಿದ ತೆಂಗಿನ ಚಿಪ್ಪನ್ನೂ ಇಡಬೇಕು. ಅಡಗುವ ಎಡೆ ಕೊಟ್ಟರೆ ಮೀನು ಕಾಣಿಸುವುದೇ ಇಲ್ಲವೆಂದು ನಾನು ಭಾವಿಸಿದ್ದೆ. ಆದದ್ದು ವಿಪರೀತ: ಬೇಕೆಂದಾಗ ಅಡಗಬಹುದೆಂಬ ಧೈರ್ಯವಿದ್ದಾಗಲೇ ಅದು ಹೊರಗೆ ಬರುತ್ತದೆ. ಗುಂಪಿನಲ್ಲಿ ಬಾಳುವ ಮೀನಾದುದರಿಂದ ಆರಕ್ಕೆ ಕಡಿಮೆಯಿದ್ದರೆ ಅಂಜಿಕೆ ಬಿಡದು.

ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳು, ಶೃಂಗೇರಿಯಲ್ಲಿ ತುಂಗೆಯ ಮೀನುಗಳು, ಕಡ್ಲೆಪುರಿ ಹಿಡಿದ ಭಕ್ತರ ಕಾಲಬಳಿಗೇ ಬರುವುದನ್ನು ನೀವು ಕಂಡಿರಬಹುದು. ಅವನ್ನು ಯಾರೂ ಪಳಗಿಸಿಲ್ಲ. ಅಲ್ಲಿ ಬಲೆ ಬೀಸುವವರಿಲ್ಲ, ಅಷ್ಟೆ. ಭಯಕ್ಕೆ ಕಾರಣವಿಲ್ಲವೆಂದು ಕಂಡುಕೊಂಡ ಜೀವ ತಾನಾಗಿಯೇ ಸಮೀಪಿಸುತ್ತದೆ.

ಉಳಿದ ಮೂರು ಮೀನುಗಳಿಗಾಗಿ ನಾವು ದಿನವೂ ತೊಟ್ಟಿಯ ಕಾಲುಭಾಗ ನೀರನ್ನು ಬದಲಿಸಿದೆವು. ಆರು ವಾರಗಳ ಬಳಿಕ, ಈ ಸಲ ಕ್ರಮವರಿತು, ಇನ್ನೂ ಐದನ್ನು ಜೊತೆಗೂಡಿಸಿದೆವು. ಮೊಮ್ಮಗ ಗಾಜನ್ನು ಮುಟ್ಟದೆ, ಸಂಜೆ ಸಂಜೆ ಸದ್ದಿಲ್ಲದೆ ಎದುರು ಕುಳಿತ. ಒಂಬತ್ತನೆಯ ಸಂಜೆ ಎಂಟೂ ಮೀನುಗಳು ಮುಂದಿನ ಗಾಜಿನವರೆಗೆ ಈಜಿ ಬಂದವು. ಮಗು ಕೂಗಲಿಲ್ಲ, ನನ್ನ ಕೈಯನ್ನು ಮೆಲ್ಲನೆ ಹಿಡಿದುಕೊಂಡಿತು.

ಮನೆಗೆ ಬಂದ ಹೊಸ ಸೊಸೆಗಾಗಲಿ, ವಿದ್ಯಾರ್ಥಿನಿಲಯಕ್ಕೆ ಬಂದ ಹೊಸ ಬಾಲಕನಿಗಾಗಲಿ ಬೇಕಾದುದೂ ಇದೇ ಅಲ್ಲವೇ? ಒಂದಿಷ್ಟು ಮರೆ, ಒಂದಿಷ್ಟು ಜೊತೆ, ನಮ್ಮ ಕಡೆಯಿಂದ ಒಂದಿಷ್ಟು ತಾಳ್ಮೆ.