ಹೆಜ್ಜೆ ಲೆಕ್ಕ ಕೊಟ್ಟರೆ ರಿಯಾಯಿತಿ... ಜೀವವಿಮೆಗೆ ಎಷ್ಟು ಹೇಳಬೇಕು, ಎಷ್ಟು ಬಿಡಬೇಕು?

ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ನಮ್ಮವರು ಶುಗರ್, ಬಿ.ಪಿ., ಕೊಲೆಸ್ಟರಾಲ್ ವಿಷಯವನ್ನು ಸಲೀಸಾಗಿ ಮಾತಾಡಿಕೊಳ್ಳುತ್ತಾರೆ. ಅದೇ ಲೆಕ್ಕವನ್ನು ಜೀವವಿಮೆ ಕಂಪನಿ ಕೇಳಿದಾಗ ಮಾತ್ರ ಪೆನ್ನು ತಡೆಯುತ್ತದೆ. ಹೇಳಿದರೆ ಪ್ರೀಮಿಯಂ ಏರೀತು. ಬಚ್ಚಿಟ್ಟರೆ ನಾಳೆ ಹೆಂಡತಿ ಮಕ್ಕಳಿಗೆ ಹಣ ಸಿಗದೆ ಹೋದೀತು!

ಅಮೆರಿಕದಲ್ಲಿ ಈ ಪ್ರಶ್ನೆ ಈಗ ನಮ್ಮ ಕೈಗಡಿಯಾರಕ್ಕೂ ಬಂದಿದೆ. ಜಾನ್ ಹ್ಯಾನ್‌ಕಾಕ್ ಕಂಪನಿ 2015ರಲ್ಲಿ 'ವೈಟಾಲಿಟಿ' ಯೋಜನೆ ತಂದು, ನಡಿಗೆ ಮತ್ತು ವ್ಯಾಯಾಮದ ಲೆಕ್ಕ ಕೊಡುವ ಗ್ರಾಹಕರಿಗೆ ರಿಯಾಯಿತಿ, ಉಡುಗೊರೆ ಕೊಡತೊಡಗಿತು. 2018ರ ಸೆಪ್ಟೆಂಬರ್‌ನಲ್ಲಿ ತನ್ನ ಎಲ್ಲ ಜೀವವಿಮೆ ಪಾಲಿಸಿಗಳಿಗೂ ಇದನ್ನು ಸೇರಿಸುವುದಾಗಿ ಪ್ರಕಟಿಸಿತು. ಲೆಕ್ಕ ಕೊಡುವುದು ಬಿಡುವುದು ಗ್ರಾಹಕರ ಇಷ್ಟವೇನೋ ಹೌದು. ಆದರೆ ಕೊಟ್ಟವರಿಗೆ ಕಡಿಮೆ ಎಂದಮೇಲೆ, ಕೊಡದವರಿಗೆ ಹೆಚ್ಚು ಎಂದೇ ಅರ್ಥ ತಾನೆ? ಡಾಕ್ಟರ ಬಳಿಯ ದಾಖಲೆಗೆ 1996ರ 'ಹಿಪಾ' ಕಾನೂನಿನ ಕಾವಲಿದೆ. ನಾವಾಗಿಯೇ ವಾಚಿನಿಂದ ವಿಮೆ ಕಂಪನಿಗೆ ಕಳಿಸಿದ ಅಂಕಿಗಳಿಗೆ ಆ ಕಾವಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಜೀನ್ ಪರೀಕ್ಷೆ. 2008ರ 'ಜೀನಾ' ಕಾನೂನಿನ ಪ್ರಕಾರ ಆರೋಗ್ಯವಿಮೆಯವರೂ ಕೆಲಸ ಕೊಡುವವರೂ ಜೀನ್ ಮಾಹಿತಿ ನೋಡಿ ತಾರತಮ್ಯ ಮಾಡುವಂತಿಲ್ಲ. ಜೀವವಿಮೆಗೆ ಮಾತ್ರ ಈ ಕಾನೂನು ಅನ್ವಯಿಸುವುದಿಲ್ಲ! ಫ್ಲಾರಿಡಾ ರಾಜ್ಯ 2020ರಲ್ಲಿ ಜೀವವಿಮೆಗೂ ಇಂಥ ನಿಷೇಧ ತಂದಿತು. ಕೆನಡಾದ 2017ರ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು. ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು ನಾಲ್ವರಿಗೆ ಹೃದಯಸ್ನಾಯುವಿನ ಕಾಯಿಲೆಗೆ ಸಂಬಂಧಿಸಿದ ಒಂದು ಜೀನ್ ವ್ಯತ್ಯಾಸವಿದೆ ಎಂದು 2009ರಲ್ಲಿ ಸಂಶೋಧಕರು ತೋರಿಸಿದ್ದರು. ಹಾಗಾಗಿ ಇದು ನಮ್ಮ ಮನೆಗಳ ವಿಷಯವೇ. ಇನ್ನು ಕುತೂಹಲಕ್ಕೆ ಎಂಜಲು ಕಳಿಸಿ ವಂಶಮೂಲ ತಿಳಿದುಕೊಂಡವರು 23ಅಂಡ್‌ಮಿ ಕಂಪನಿಯ ಕಥೆ ಬಲ್ಲರು. 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಹಾಗೆಂದು ಅರ್ಜಿಯಲ್ಲಿ ಸುಳ್ಳು ಬರೆಯುವುದೇ? ಖಂಡಿತ ಬೇಡ. ಹೆಚ್ಚಿನ ರಾಜ್ಯಗಳಲ್ಲಿ ಪಾಲಿಸಿಯ ಮೊದಲ ಎರಡು ವರ್ಷದೊಳಗೆ ಸಾವು ಸಂಭವಿಸಿದರೆ ಕಂಪನಿ ಹಳೆಯ ದಾಖಲೆಗಳನ್ನೆಲ್ಲ ಕೆದಕಬಹುದು, ಮುಖ್ಯ ಸಂಗತಿ ಮುಚ್ಚಿಟ್ಟಿದ್ದರೆ ಹಣ ನಿರಾಕರಿಸಬಹುದು. 1902ರಿಂದ ನಡೆಯುತ್ತಿರುವ ಎಂ.ಐ.ಬಿ. ಸಂಸ್ಥೆಯ ಮೂಲಕ ವಿಮೆ ಕಂಪನಿಗಳು ಅರ್ಜಿದಾರರ ಮಾಹಿತಿಯನ್ನು ತಮ್ಮಲ್ಲೇ ಹಂಚಿಕೊಳ್ಳುತ್ತವೆ. ಒಂದು ಕಡೆ ಹೇಳಿದ್ದು ಇನ್ನೊಂದು ಕಡೆ ಮರೆಯಾಗುವುದಿಲ್ಲ.

ಆದ್ದರಿಂದ ಕೇಳಿದ ಪ್ರಶ್ನೆಗೆ ನಿಜವನ್ನೇ ಬರೆಯಿರಿ. ರಿಯಾಯಿತಿ ಆಸೆಗೆ ಕೊಡುವ ಹೆಚ್ಚುವರಿ ಮಾಹಿತಿಗೆ ಮಾತ್ರ ಎರಡು ಸಲ ಯೋಚಿಸಿ. ಸಹಿ ಹಾಕುವ ಮುನ್ನ ಯಾವ ದಾಖಲೆ, ಎಷ್ಟು ಕಾಲ, ಯಾರಿಗೆ ಎಂದು ಓದಿ. ನಿಮ್ಮ ಎಂ.ಐ.ಬಿ. ಕಡತವನ್ನು ವರ್ಷಕ್ಕೊಮ್ಮೆ ಉಚಿತವಾಗಿ ತರಿಸಿ ನೋಡಬಹುದು, ತಪ್ಪಿದ್ದರೆ ತಿದ್ದಿಸಬಹುದು. ಕುತೂಹಲದ ಜೀನ್ ಪರೀಕ್ಷೆಗೆ ಮೊದಲು ಪಾಲಿಸಿ ಮಾಡಿಸಿಕೊಳ್ಳುವುದು ಜಾಣತನ. ಆದರೆ ಡಾಕ್ಟರು ಬೇಕೆಂದ ಪರೀಕ್ಷೆಯನ್ನು ವಿಮೆಯ ಭಯಕ್ಕೆ ಮುಂದೂಡಬೇಡಿ.

ಒಬ್ಬರ ಸಂಬಳ, ಒಬ್ಬರ ವೀಸಾ ನಂಬಿಕೊಂಡ ಸಂಸಾರಗಳು ನಮ್ಮಲ್ಲಿ ಬಹಳ. ಆಫೀಸು ಕೊಟ್ಟ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಹೋಗುತ್ತದೆ. ಈ ವಾರಾಂತ್ಯ ಗಂಡ ಹೆಂಡತಿ ಕೂತು ಒಮ್ಮೆ ಪಾಲಿಸಿ ಕಾಗದ ತೆಗೆದು ಓದಿ ನೋಡಿ, ಏನಂತೀರಿ?